ಶವಯಾತ್ರೆಯ ಮುಂದೆ ವರ್ನೀಸ್ ಟ್ಯಾಲಿ

ಮೆಂಫಿಸ್ಸಿನ ದಕ್ಷಿಣದ ಬೀದಿಗಳಲ್ಲಿ ವರ್ನೀಸ್ ಟ್ಯಾಲಿಯ ಮುಖ ಕಂಡು ಗುರುತು ಹಿಡಿಯುವವರು ಕಡಿಮೆ. ಹೆಲ್ಮೆಟ್ಟಿನೊಳಗಿನ ಮುಖ ಯಾರಿಗೆ ತಾನೆ ಕಂಡೀತು? ಅವಳ ಎಡಗೈಯನ್ನು ಗುರುತು ಹಿಡಿಯುವವರು ಮಾತ್ರ ಊರು ತುಂಬ ಇದ್ದಾರೆ. ಬಿಳಿ ಗ್ಲೌಸು ತೊಟ್ಟ ಆ ಅಂಗೈ ಮೇಲೆದ್ದಿತೆಂದರೆ ಬಸ್ಸಾಗಲಿ ಲಾರಿಯಾಗಲಿ ಇದ್ದಲ್ಲೇ ನಿಲ್ಲಬೇಕು. ಶವದ ಕಾರಿನ ಹಿಂದೆ ಹಾಡಹಗಲೇ ಹೆಡ್‌ಲೈಟು ಹಚ್ಚಿಕೊಂಡು ಚರ್ಚಿನಿಂದ ಸ್ಮಶಾನಕ್ಕೆ ಹೊರಟ ನೆಂಟರಿಷ್ಟರ ಕಾರುಗಳ ಸಾಲು ಎಲ್ಲೂ ತುಂಡಾಗದ ಹಾಗೆ ಕಾಯುವುದು ಅವಳ ಕೆಲಸ. ಲೂಮಿಸ್ ಗೇಟ್‌ವುಡ್ಡರ ಎಸ್ಕಾರ್ಟ್ ಕಂಪನಿಯಲ್ಲಿ ಅವಳು ಇಪ್ಪತ್ತು ವರ್ಷಕ್ಕೂ ಮೇಲೆ ಬೈಕು ಓಡಿಸಿದ್ದಳು. ಓಡಿಸಿದ್ದಳು ಅನ್ನುವುದಕ್ಕಿಂತ ನಿಲ್ಲಿಸಿದ್ದಳು ಅನ್ನಬೇಕು. ಕೂಡುರಸ್ತೆಗೆ ಧಾವಿಸಿ ನಿಲ್ಲುವುದು, ಅಡ್ಡ ಬರುವವರನ್ನು ತಡೆಯುವುದು, ಸಾಲು ದಾಟಿದ ಮೇಲೆ ಮತ್ತೆ ಧಾವಿಸುವುದು, ಮತ್ತೆ ನಿಲ್ಲುವುದು. ಆ ಕಂಪನಿಯ ಬೈಕುಗಳು ಪೆಟ್ರೋಲು ಕುಡಿದಷ್ಟೇ ಬ್ರೇಕು ಪ್ಯಾಡು ತಿನ್ನುತ್ತಿದ್ದವು.

ಅವಳು ಈ ಕೆಲಸಕ್ಕೆ ಬಂದದ್ದು ಅಜ್ಜಿಯ ಸಾವಿನಿಂದ. ಆಗ ವರ್ನೀಸ್ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಅಜ್ಜಿ ಪರ್ಲೀಯ ಮಣ್ಣಿಗೆ ಎಸ್ಕಾರ್ಟು ಬೇಡ, ಹತ್ತಿರವೇ ಅಲ್ಲವೇ ಎಂದು ಮನೆಯವರು ಸುಮ್ಮನಿದ್ದರು. ಅರ್ಧ ದಾರಿಯಲ್ಲಿ ಸಿಗ್ನಲ್ಲು ಕೆಂಪಾಯಿತು. ಮುಂದಿನ ಕಾರುಗಳು ಹೋದವು, ಹಿಂದಿನವು ನಿಂತವು, ನಡುವೆ ಬೇರೆ ಯಾರುಯಾರದೋ ಗಾಡಿಗಳು ನುಗ್ಗಿದವು. ನಿಂತವರಿಗೆ ದಾರಿ ಗೊತ್ತಿರಲಿಲ್ಲ. ಮಿಸಿಸಿಪ್ಪಿಯ ಹಳ್ಳಿಯಿಂದ ಬಂದಿದ್ದ ಅಜ್ಜಿಯ ಒಬ್ಬನೇ ತಮ್ಮ, ಈಸಾಕ್ ತಾತ, ಕೊನೆಯ ಕಾರಿನಲ್ಲಿದ್ದ. ಅವನು ಸ್ಮಶಾನ ಹುಡುಕಿಕೊಂಡು ಬರುವಷ್ಟರಲ್ಲಿ ಆಳುಗಳು ಮಣ್ಣು ತಟ್ಟುತ್ತಿದ್ದರು. ತಾತ ಟೋಪಿ ಕೈಯಲ್ಲಿ ಹಿಡಿದು ನಿಂತ, ಯಾರ ಮೇಲೂ ರೇಗಲಿಲ್ಲ, ಏನೂ ಅನ್ನಲಿಲ್ಲ. ಅವನು ಏನೂ ಅನ್ನದೆ ಹೋದದ್ದೇ ವರ್ನೀಸಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಬೈಕು ಅವಳ ಬಳಿ ಮೊದಲೇ ಇತ್ತು. ಗಂಡ ಲೂಥರ್ ಟ್ಯಾಲಿ ಮನೆ ಬಿಟ್ಟು ಹೋಗುವಾಗ ಅದನ್ನು ಬಿಟ್ಟು ಹೋಗಿದ್ದ. ಪ್ರೀತಿಯಿಂದಲ್ಲ, ಅವತ್ತು ಅದು ಸ್ಟಾರ್ಟ್ ಆಗಿರಲಿಲ್ಲ ಅಷ್ಟೇ. ಅವನು ಬಸ್ಸಿಗೆ ನಡೆದುಕೊಂಡು ಹೋದ. ವರ್ನೀಸ್ ಒಂದು ಚಳಿಗಾಲ ಪೂರ್ತಿ ಶೆಡ್ಡಿನಲ್ಲಿ ಕೂತು ಅದನ್ನು ಬಿಚ್ಚಿದಳು, ಜೋಡಿಸಿದಳು, ಮತ್ತೆ ಬಿಚ್ಚಿದಳು. ವಸಂತ ಬರುವ ಹೊತ್ತಿಗೆ ಅದರ ಮೇಲೆ ಕೂತು ಚರ್ಚಿಗೆ ಹೋದಳು. ಚರ್ಚಿನ ಹೆಂಗಸರು ಒಂದು ವಾರ ಬೇರೆ ಮಾತೇ ಆಡಲಿಲ್ಲ.

ಗೇಟ್‌ವುಡ್ಡರ ಯಾರ್ಡಿಗೆ ಅವಳು ಅದೇ ಬೈಕಿನ ಮೇಲೆ ಹೋದಳು. ಗೇಟ್‌ವುಡ್ ಆಗ ಐವತ್ತು ದಾಟಿದ್ದ ಆಸಾಮಿ. ಎತ್ತರದ ಆಳು, ಇಸ್ತ್ರಿ ಮಾಡಿದ ಕಪ್ಪು ಸೂಟು, ಬಾಯಿಗೆ ಮಾತ್ರ ಬೀಗ. ಬಂದ ವಿಷಯ ಕೇಳಿ ಅವರು ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಹೆಂಗಸರಿಗೂ ನಮ್ಮಲ್ಲಿ ಕೆಲಸ ಇದೆಯಮ್ಮ. ಹೂವಿನ ಕಾರಲ್ಲಿ ಕೂತ್ಕೊಂಡು ಹಾರ ಬೀಳದ ಹಾಗೆ ಹಿಡ್ಕೋಬೇಕು."

"ನಾನು ಹೂ ಹಿಡಿಯೋಕೆ ಬಂದಿಲ್ಲ, ಸಾರ್. ಗಾಡಿ ಹಿಡಿಯೋಕೆ ಬಂದಿದೀನಿ."

ಗೇಟ್‌ವುಡ್ ನಗಲಿಲ್ಲ. ಆದರೆ ಕಳಿಸಿಯೂ ಬಿಡಲಿಲ್ಲ. ಯಾರ್ಡನ್ನು ಸುತ್ತಿ ತೋರಿಸು ಎಂದರು. ಸುತ್ತಿದಳು. ಡ್ರಮ್ಮುಗಳ ನಡುವೆ ಹಾವಿನ ಹಾಗೆ ಹರಿದು ತೋರಿಸು ಎಂದರು. ತೋರಿಸಿದಳು. ಗೋಡೆಯ ಕಡೆಗೆ ಜೋರಾಗಿ ಬಂದು ಈ ಗೆರೆಯ ಮೇಲೆ ನಿಲ್ಲಿಸು ಎಂದರು. ಗೆರೆ ದಾಟಿ ಒಂದು ಮಾರು ಮುಂದೆ ಹೋಗಿ ನಿಂತಳು. ಅವಳಿಗೆ ಅಳು ಬಂತು. ಗೇಟ್‌ವುಡ್ ಬಗ್ಗಿ ಮುಂದಿನ ಚಕ್ರ ನೋಡಿದರು, ಬ್ರೇಕಿನ ಪ್ಯಾಡು ಕಚ್ಚಿ ಹಿಡಿಯುವ ಉಕ್ಕಿನ ಡಿಸ್ಕಿನ ಮೇಲೆ ಬೆರಳಾಡಿಸಿದರು, ಪ್ಯಾಡು ಯಾವಾಗ ಹಾಕಿಸಿದೆ ಎಂದು ಕೇಳಿದರು. ಹೊಸದು, ನಿನ್ನೆಯೇ ಹಾಕಿದ್ದು, ತಾನೇ ಹಾಕಿದ್ದು ಎಂದಳು ಅವಳು.

"ಹಾಕಿದೀಯ, ಪಳಗಿಸಿಲ್ಲ," ಎಂದರು ಗೇಟ್‌ವುಡ್. ತಮ್ಮ ಬೈಕು ತೆಗೆದು, ಹಿಂದೆ ಬಾ ಎಂದು ಸನ್ನೆ ಮಾಡಿ ಹೊರಟರು.

ಯಾರ್ಡಿನ ಹಿಂದೆ, ಹತ್ತಿಯ ಹಳೇ ಗೋದಾಮುಗಳ ನಡುವೆ ಒಂದು ನೇರವಾದ ರಸ್ತೆಯಿದೆ. ಅವತ್ತು ಗೇಟ್‌ವುಡ್ ಅವಳಿಗೆ ಬ್ರೇಕು ಪಳಗಿಸುವುದನ್ನು ಕಲಿಸಿದರು. ವೇಗಕ್ಕೆ ಬಾ, ಬ್ರೇಕಿನ ಲಿವರು ಗಟ್ಟಿಯಾಗಿ ಹಿಡಿ, ಚಕ್ರ ಕಚ್ಚಿ ನಿಲ್ಲದ ಹಾಗೆ, ನಡಿಗೆಯಷ್ಟು ನಿಧಾನಕ್ಕೆ ಇಳಿಸು, ಪೂರ್ತಿ ನಿಲ್ಲುವ ಮುಂಚೆ ಬಿಡು. ಮತ್ತೆ ವೇಗಕ್ಕೆ ಬಾ. ಮತ್ತೆ. ಮತ್ತೆ. ಪ್ಯಾಡು ಕಾಯಬೇಕು, ಅದರ ಮೈಯಿಂದ ತೆಳ್ಳಗೆ ಒಂದು ಪದರ ಡಿಸ್ಕಿನ ಸುತ್ತ ಒಂದೇ ಸಮನಾಗಿ ಕೂರಬೇಕು. ಕಾದ ವಾಸನೆ ಬರುತ್ತದೆ, ಹೆದರಬಾರದು. ಆಮೇಲೆ ಬ್ರೇಕು ಮುಟ್ಟದೆ ಸುಮ್ಮನೆ ಗಾಳಿಗೆ ಓಡಿಸಿ ತಣಿಸಬೇಕು. ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಅವಳು ಮುಂದೆ ಯಾವತ್ತೂ ಕೇಳಲಿಲ್ಲ.

"ಮಧ್ಯದಲ್ಲಿ ನಿಲ್ಲಿಸ್ಬೇಡ. ಕಾದ ಪ್ಯಾಡು ಹಿಡ್ಕೊಂಡು ನಿಂತ್ಯೋ, ಅದು ಅಲ್ಲೇ ಅಂಟಿ ಡಿಸ್ಕಿನ ಮೇಲೆ ಕಲೆ ಬಿಡುತ್ತೆ. ಆಮೇಲೆ ಬ್ರೇಕು ಹಿಡಿದಾಗಲೆಲ್ಲ ಲಿವರು ನಡುಗುತ್ತೆ. ನಡುಗೋ ಕೈಯಿಂದ ನಾವು ಯಾರನ್ನೂ ಮಣ್ಣಿಗೆ ಕಳಿಸಲ್ಲ."

ಸಂಜೆಯ ಹೊತ್ತಿಗೆ ವರ್ನೀಸ್ ಗೆರೆಯ ಮೇಲೇ ನಿಂತಳು. ಮಾರನೆಯ ವಾರ ಕೆಲಸಕ್ಕೆ ಬಂದಳು. ಅವಳಿಗೆ ಸಿಕ್ಕಿದ್ದು ಸಾಲಿನ ಬಾಲ. ಕೊನೆಯ ಕಾರಿನ ಹಿಂದೆ ಒಬ್ಬರು ಇರಬೇಕು, ಬಾಲ ದಾಟುವವರೆಗೆ ಕೂಡುರಸ್ತೆ ತಡೆದು ಯಾರೂ ಹಿಂದೆ ಉಳಿಯದ ಹಾಗೆ ನೋಡಿಕೊಳ್ಳಬೇಕು. ಹೊಸಬರನ್ನು ಅಲ್ಲೇ ಹಾಕುವುದು ವಾಡಿಕೆ. ಆದರೆ ಹೊಸಬರು ಹಳಬರಾಗಿ ಮುಂದೆ ಹೋಗುತ್ತಿದ್ದರು, ಅವಳು ಮಾತ್ರ ಬಾಲದಲ್ಲೇ ಉಳಿದಳು. ಅವಳಾದ ಮೇಲೆ ಬಂದ ಗಂಡಸರು ಒಂದೆರಡು ವರ್ಷಕ್ಕೇ ಶವದ ಕಾರಿನ ಮುಂದೆ ಓಡಿಸಿದರು. ಒಂದು ಸಲ ಕೇಳಿಯೇಬಿಟ್ಟಳು. ಗೇಟ್‌ವುಡ್ ಅವಳ ಕಡೆ ನೋಡಿ, ಬಾಲ ಖಾಲಿ ಬಿಡೋಕಾಗಲ್ಲ ಎಂದಷ್ಟೇ ಹೇಳಿ ಕಾಫಿ ಲೋಟ ತೊಳೆಯಲು ಹೋದರು. ವರ್ನೀಸ್ ಮತ್ತೆ ಕೇಳಲಿಲ್ಲ. ಅವಳಿಗೂ ಸ್ವಾಭಿಮಾನ ಎನ್ನುವುದೊಂದಿತ್ತು.

ಆದರೆ ಒಂದು ವಿಷಯದಲ್ಲಿ ಯಾರ್ಡಿನವರೆಲ್ಲ ಅವಳಿಗೆ ತಲೆಬಾಗುತ್ತಿದ್ದರು. ಯಾರ ಬೈಕಿಗೆ ಹೊಸ ಪ್ಯಾಡು ಬಿದ್ದರೂ ಅದು ಗೋದಾಮಿನ ರಸ್ತೆಯಲ್ಲಿ ಒಂದು ಸಲ ವರ್ನೀಸಳ ಕೈಯಲ್ಲಿ ಓಡಲೇಬೇಕು. ಮುಂದೆ ಓಡಿಸುವ ರಾಸ್ಕೋ ಹಬ್ಬರ್ಡ್‌ನಂಥ ಹಳೇ ಹುಲಿಯೂ ಬೀಗದ ಕೈ ಅವಳ ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಅವಳು ಪಳಗಿಸಿದ ಬ್ರೇಕು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹಿಡಿಯುತ್ತದೆ ಎಂದು ಅವನು ಬೇರೆ ಕಂಪನಿಯವರ ಮುಂದೆ ಜಂಬ ಕೊಚ್ಚುತ್ತಿದ್ದ. ಅವಳ ಮುಂದೆ ಹೇಳುತ್ತಿರಲಿಲ್ಲ. ಆ ಯಾರ್ಡಿನ ಗಂಡಸರಿಗೆ ಮೆಚ್ಚಿಗೆ ಹೇಳುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ.

ಹೀಗೆ ವರ್ಷಗಳು ಹೋದವು. ಗೇಟ್‌ವುಡ್ಡರಿಗೆ ವಯಸ್ಸಾಯಿತು, ಮಗಳು ಶಾರ್ಲೀನ್ ಕಂಪನಿ ನೋಡಿಕೊಳ್ಳತೊಡಗಿದಳು. ಹೋದ ವರ್ಷ ಅಕ್ಟೋಬರಿನಲ್ಲಿ, ಮೇಪಲ್ ಮರಗಳು ಕೆಂಪಗಾದ ಹೊತ್ತಿನಲ್ಲಿ, ಗೇಟ್‌ವುಡ್ ತಮ್ಮ ಮನೆಯ ಹಾಸಿಗೆಯಲ್ಲೇ ಹೋಗಿಬಿಟ್ಟರು. ಹೋಗುವ ಮುಂಚೆ ಮಗಳನ್ನು ಕರೆದು ಯಾವ ಹಾಡು, ಯಾವ ಸೂಟು ಎಂದೆಲ್ಲ ಹೇಳಿದ್ದರು. ಕೊನೆಗೆ, ಮುಂದೆ ವರ್ನೀಸ್ ಓಡಿಸಲಿ ಎಂದಿದ್ದರು. ಯಾಕೆ ಎಂದು ಶಾರ್ಲೀನ್ ಕೇಳಿದ್ದಕ್ಕೆ ಕಣ್ಣು ಮುಚ್ಚಿಕೊಂಡು ಮಲಗಿಬಿಟ್ಟಿದ್ದರು.

ಶಾರ್ಲೀನ್ ಇದನ್ನು ಯಾರ್ಡಿನಲ್ಲಿ ಎಲ್ಲರ ಮುಂದೆ ಹೇಳಿದಳು. ರಾಸ್ಕೋ ಸ್ವಲ್ಪ ಹೊತ್ತು ನೆಲ ನೋಡಿದ. ಮುಂದಿನ ಜಾಗ ಅಷ್ಟು ವರ್ಷದಿಂದ ಅವನದು. ಆಮೇಲೆ ತಲೆಯೆತ್ತಿ, "ನನ್ನ ಮೊಣಕಾಲು ನಿಮ್ಮಪ್ಪಂಗೆ ಥ್ಯಾಂಕ್ಸ್ ಹೇಳ್ತಿದೆ," ಎಂದ. ವರ್ನೀಸ್ ಹೆಲ್ಮೆಟ್ಟಿನ ಗಾಜು ಒರೆಸುತ್ತ ನಿಂತೇ ಇದ್ದಳು, ಒರೆಸಿದ್ದನ್ನೇ ಒರೆಸುತ್ತಿದ್ದಳು.

ಗೇಟ್‌ವುಡ್ಡರ ಮಣ್ಣಿನ ದಿನ ಶನಿವಾರ. ಆಗ ಕಂಪನಿಯಲ್ಲಿ ಟೇವಿಯಸ್ ರಡ್ ಎಂಬ ಮೂವತ್ತರ ಆಸುಪಾಸಿನ ಸವಾರನಿದ್ದ. ಸೈನ್ಯದಿಂದ ಬಂದವನು, ಮೈತುಂಬ ಹುರುಪು, ಬಾಯಿ ತುಂಬ ಕೀಟಲೆ. ವರ್ನೀಸಳನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದ. ನಿಮ್ಮಪ್ಪನ ಅಣ್ಣನ್ನ ನಾನು ಕಟ್ಕೊಂಡಿಲ್ಲ ಎಂದು ಅವಳು ಬೈದರೂ ಬಿಡುತ್ತಿರಲಿಲ್ಲ. ಅವಳು ಗೋದಾಮಿನ ರಸ್ತೆಗೆ ಹೊರಟರೆ, ದೊಡ್ಡಮ್ಮ ಬ್ರೇಕಿಗೆ ಲಾಲಿ ಹಾಡೋಕೆ ಹೊರಟ್ರು ಎನ್ನುತ್ತಿದ್ದ. ಆದರೆ ಒಳಗೊಳಗೆ ಅವನಿಗೆ ಅವಳೆಂದರೆ ಗೌರವ. ಆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಯಾರ್ಡಿಗೆ ಬಂದು, ಅವಳ ದೊಡ್ಡ ಬಿಳಿ ಬೈಕನ್ನು ತೊಳೆದು, ಒರೆಸಿ, ಟ್ಯಾಂಕು ಮಡ್‌ಗಾರ್ಡು ಹ್ಯಾಂಡಲ್ಲು ಎಲ್ಲಕ್ಕೂ ಪಾಲಿಷು ಬಳಿದು ಕನ್ನಡಿ ಮಾಡಿಟ್ಟಿದ್ದ. ಚಕ್ರಕ್ಕೂ ಬಳಿದಿದ್ದ. ಡಿಸ್ಕಿಗೂ ಬಳಿದಿದ್ದ.

ವರ್ನೀಸ್ ಕಪ್ಪು ಕೋಟು, ಬಿಳಿ ಗ್ಲೌಸು ತೊಟ್ಟು ಬಂದಾಗ ಬಿಸಿಲಿಗೆ ಬೈಕು ಥಳಥಳ ಹೊಳೆಯುತ್ತಿತ್ತು. ಅವಳಿಗೆ ಖುಷಿಯಾಯಿತು, ಮುಖದಲ್ಲಿ ತೋರಿಸಲಿಲ್ಲ. ಸ್ಟಾರ್ಟ್ ಮಾಡಿ ಗೇಟಿನವರೆಗೆ ಬಂದು ಲಿವರು ಹಿಡಿದಳು. ಬೈಕು ನಿಲ್ಲಲಿಲ್ಲ. ಎಣ್ಣೆ ಸವರಿದ ಕೈಯಿಂದ ಕೈ ಜಾರಿದ ಹಾಗೆ ಡಿಸ್ಕು ಪ್ಯಾಡಿನ ನಡುವೆ ಜಾರಿತು. ಹಿಂದಿನ ಬ್ರೇಕು ತುಳಿದು, ಕಾಲೂರಿ, ಹೇಗೋ ಗೇಟಿಗೆ ಗುದ್ದದೆ ನಿಲ್ಲಿಸಿಕೊಂಡಳು.

ಇಳಿದು ಬಗ್ಗಿ ಡಿಸ್ಕು ಮುಟ್ಟಿದಳು. ಬೆರಳು ಮೂಸಿದಳು. ತಿರುಗಿ ಟೇವಿಯಸನನ್ನು ನೋಡಿದಳು. ಅವನ ಕೈಯಲ್ಲಿ ಪಾಲಿಷಿನ ಡಬ್ಬಿ ಇನ್ನೂ ಇತ್ತು.

"ಹೊಳೀಲಿ ಅಂತ..." ಎಂದ ಅವನು.

ಬೈಗುಳ ಅವಳ ಬಾಯಿಯವರೆಗೆ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡಳು. ಪಾಲಿಷು ಕುಡಿದ ಪ್ಯಾಡು ಮುಗಿಯಿತು, ತೊಳೆದರೂ ಹೋಗುವುದಿಲ್ಲ, ಎಸೆಯಬೇಕು. ಅವಳ ಬೈಕಿನ ಚೀಲದಲ್ಲಿ ಹೊಸ ಜೋಡಿ ಯಾವಾಗಲೂ ಇರುತ್ತಿತ್ತು. ಕೋಟು ಬಿಚ್ಚಿ ಗೂಟಕ್ಕೆ ತಗುಲಿಹಾಕಿ, ಗ್ಲೌಸು ಮಡಚಿ ಜೇಬಿಗಿಟ್ಟು, ನೆಲದ ಮೇಲೆ ಕೂತಳು. ಟೇವಿಯಸನ ಕೈಗೆ ಮರಳುಕಾಗದ ಕೊಟ್ಟು ಡಿಸ್ಕನ್ನು ಮೊದಲು ಜಿಡ್ಡು ತೆಗೆಯುವ ದ್ರಾವಣದಲ್ಲಿ ತೊಳೆದು ಆಮೇಲೆ ಉಜ್ಜಲು ಹೇಳಿದಳು. ಅವನು ಪಾಪ ಪರಿಹಾರ ಮಾಡಿಕೊಳ್ಳುವವನ ಹಾಗೆ ಉಜ್ಜಿದ. ಚರ್ಚಿನಲ್ಲಿ ಆಗಲೇ ಪ್ರಾರ್ಥನೆ ಶುರುವಾಗುವ ಹೊತ್ತು. ಅದು ಮುಗಿಯುವಷ್ಟರಲ್ಲಿ ಎಲ್ಲರೂ ಬಾಗಿಲಲ್ಲಿ ಸಾಲಾಗಿ ನಿಂತಿರಬೇಕು.

ಹೊಸ ಪ್ಯಾಡುಗಳು ಕೂತವು. ರಾಸ್ಕೋ ಗಡಿಯಾರ ನೋಡಿ, ಇನ್ನು ಹೊರಡೋಣ ಎಂದ. ವರ್ನೀಸ್ ಆಗುವುದಿಲ್ಲವೆಂದು ತಲೆಯಾಡಿಸಿದಳು. ಗೋದಾಮಿನ ರಸ್ತೆಗೆ ಹೋಗಿ ಬರಬೇಕು ಎಂದಳು.

"ಇವತ್ತಾ?" ರಾಸ್ಕೋ ದನಿ ಏರಿತು. "ಪ್ಯಾಡಿಗೂ ದೀಕ್ಷಾಸ್ನಾನ ಮಾಡಿಸ್ತೀಯಾ ಈಗ? ನಿಧಾನಕ್ಕೆ ಹೋಗು ತಾಯೀ, ಎರಡು ಕೂಡುರಸ್ತೆ ದಾಟೋವಷ್ಟರಲ್ಲಿ ತಾನೇ ಸರಿಹೋಗುತ್ತೆ. ಇಲ್ಲಾ ನನ್ನ ಗಾಡಿ ತಗೋ."

"ನಿನ್ನ ಗಾಡಿ ಬ್ರೇಕು ಪಳಗಿಸಿದ್ದು ಯಾರು?"

ರಾಸ್ಕೋ ತನ್ನ ಬೈಕಿನ ಕಡೆ ತಿರುಗಿ ನೋಡಿದ.

"ಅದೇ ಗಾಡೀಲಿ ನೀನು ಹೋಗು. ನಾನು ನನ್ನದರಲ್ಲೇ ಬರ್ತೀನಿ. ಹಸೀ ಪ್ಯಾಡು ಹಾಕ್ಕೊಂಡು ಆ ಮನುಷ್ಯನ ಮುಂದೆ ಓಡಿಸಿದ್ರೆ ಪೆಟ್ಟಿಗೆಯಿಂದ ಎದ್ದು ಬಂದು ನನ್ನ ಕೆಲಸದಿಂದ ಕಿತ್ತು ಹಾಕ್ತಾರೆ."

ಯಾರೋ ನಕ್ಕರು. ರಾಸ್ಕೋನೂ ನಕ್ಕ. ವರ್ನೀಸ್ ಶಾರ್ಲೀನಳಿಗೆ ಫೋನು ಮಾಡಿ, ಆದದ್ದು ಹೇಳಿ, ಸ್ವಲ್ಪ ಹೊತ್ತು ಬೇಕು ಎಂದಳು. ಆ ಕಡೆಯಿಂದ ಆರ್ಗನ್ನಿನ ಸದ್ದು ಕೇಳುತ್ತಿತ್ತು. ಶಾರ್ಲೀನ್ ಪಿಸುಮಾತಿನಲ್ಲಿ, ಚಿಂತೆ ಮಾಡಬೇಡಿ, ಪಾಸ್ಟರಿಗೆ ಇನ್ನಷ್ಟು ಹೊತ್ತು ಮಾತಾಡಿ ಅಂತ ಹೇಳುವುದೇನೂ ಕಷ್ಟದ ಕೆಲಸವಲ್ಲ ಎಂದಳು. ಆಮೇಲೆ, "ಅಪ್ಪ ಇದ್ದಿದ್ರೆ ಅವರೇ ತಡ ಮಾಡಿಸ್ತಿದ್ರು," ಎಂದಳು. ದನಿ ಒದ್ದೆಯಾಗಿತ್ತು.

ಈಗ ಇನ್ನೊಂದು ತೊಡಕು. ಗೋದಾಮಿನ ರಸ್ತೆ ಹಿಂದಿನ ಹಾಗೆ ನಿರ್ಜನವಾಗಿ ಉಳಿದಿರಲಿಲ್ಲ. ಶನಿವಾರ ಬೆಳಿಗ್ಗೆ ಅಲ್ಲಿ ಲಾರಿಗಳು ತಿರುಗುತ್ತಿದ್ದವು, ಎರಡು ಕಡೆ ಅಡ್ಡರಸ್ತೆಗಳು. ನಡುವೆ ಎಲ್ಲಾದರೂ ಕಾದ ಬ್ರೇಕು ಹಿಡಿದು ನಿಲ್ಲಬೇಕಾಗಿ ಬಂದರೆ ಮಾಡಿದ್ದೆಲ್ಲ ಹಾಳು. ಅವಳು ಕೋಟು ಗ್ಲೌಸು ಮತ್ತೆ ತೊಟ್ಟು, ಅದನ್ನೇ ಯೋಚಿಸುತ್ತ ಗೇಟು ದಾಟಿದಾಗ ಹಿಂದೆ ಎಂಜಿನ್ನುಗಳ ಸದ್ದು ಕೇಳಿತು. ಟೇವಿಯಸ್ ಅವಳನ್ನು ದಾಟಿ ಮುಂದೆ ಹೋಗಿ ಮೊದಲ ಅಡ್ಡರಸ್ತೆಯ ನಡುವೆ ಬೈಕು ನಿಲ್ಲಿಸಿ, ಇಳಿದು, ಬಿಳಿ ಗ್ಲೌಸಿನ ಕೈಯೆತ್ತಿದ. ಇನ್ನೊಂದನ್ನು ರಾಸ್ಕೋ ಹಿಡಿದ. ಉಳಿದವರು ಲಾರಿಗಳ ಗೇಟಿನ ಮುಂದೆ ನಿಂತರು. ಕಪ್ಪು ಕೋಟು, ಕಪ್ಪು ಟೈ, ಕೊಂಚವೂ ನಗೆಯಿಲ್ಲದ ಮುಖಗಳು. ಯಾರೂ ಅವರಿಗೆ ಹೇಳಿರಲಿಲ್ಲ.

ಖಾಲಿ ರಸ್ತೆ ಅವಳ ಮುಂದೆ ಚಾಚಿಕೊಂಡಿತ್ತು. ಇಷ್ಟು ವರ್ಷ ಅವಳು ಬೇರೆಯವರಿಗೋಸ್ಕರ ರಸ್ತೆ ಹಿಡಿದು ನಿಂತವಳು. ತನಗೋಸ್ಕರ ಯಾರಾದರೂ ನಿಂತದ್ದು ಇದೇ ಮೊದಲು. ಅವಳು ಉಸಿರು ಬಿಟ್ಟು ಥ್ರಾಟಲು ತಿರುಗಿಸಿದಳು.

ಮೊದಲ ಸಲ ಲಿವರು ಹಿಡಿದಾಗ ಹೊಸ ಪ್ಯಾಡು ಒರಟೊರಟಾಗಿ ಗೊಣಗಿತು, ಅಷ್ಟಕ್ಕಷ್ಟೇ ಹಿಡಿಯಿತು. ನಡಿಗೆಗೆ ಇಳಿಸಿ ಬಿಟ್ಟಳು. ಮತ್ತೆ ಏರಿಸಿದಳು, ಮತ್ತೆ ಇಳಿಸಿದಳು. ರಸ್ತೆಯ ತುದಿಯಲ್ಲಿ ಅಗಲವಾಗಿ ಸುತ್ತಿ, ಕಾಲೂರದೆ, ಬ್ರೇಕು ಮುಟ್ಟದೆ ತಿರುಗಿ ಬಂದಳು. ನಾಲ್ಕಾರು ಸಲಕ್ಕೆ ಗೊಣಗುವುದು ನಿಂತಿತು. ಇನ್ನೂ ಒಂದಷ್ಟು ಸಲಕ್ಕೆ ಕಾದ ವಾಸನೆ ಹೆಲ್ಮೆಟ್ಟಿನೊಳಗೂ ಬಂತು, ಸುಟ್ಟ ಕಬ್ಬಿಣ ಮತ್ತು ಮಸಿಯ ಘಾಟು. ಅವಳಿಗೆ ಅದು ಅಡುಗೆಮನೆಯ ವಾಸನೆಯಷ್ಟೇ ಪರಿಚಯ. ಬೆರಳ ತುದಿಯಲ್ಲಿ ಹಿಡಿತ ಬದಲಾಗುತ್ತಿರುವುದು ಗೊತ್ತಾಗುತ್ತಿತ್ತು. ಮೊದಲು ಕಲ್ಲಿನ ಮೇಲೆ ಕಲ್ಲು ಉಜ್ಜಿದ ಹಾಗಿದ್ದದ್ದು ಈಗ ಮೆತ್ತಗೆ, ದಟ್ಟವಾಗಿ, ಕೇಳಿದಷ್ಟೇ ಕೊಡುವ ಹಾಗಾಗಿತ್ತು.

ಟೇವಿಯಸ್ ನಿಂತ ಕಡೆ ಒಂದು ಲಾಂಡ್ರಿ ಅಂಗಡಿಯ ಎದುರು ಒಬ್ಬ ಮುದುಕ ಬೆಂಚಿನ ಮೇಲೆ ಕೂತಿದ್ದ. ಎಸ್ಕಾರ್ಟಿನ ಬೈಕು, ಕಪ್ಪು ಕೋಟು ಕಂಡು ಎದ್ದು ನಿಂತು ಟೋಪಿ ತೆಗೆದ. ವರ್ನೀಸ್ ಹೋದಳು, ಮುದುಕ ಟೋಪಿ ಹಾಕಿಕೊಂಡ. ವರ್ನೀಸ್ ಮರಳಿ ಬಂದಳು, ಮುದುಕ ಮತ್ತೆ ತೆಗೆದ. ಹೀಗೆ ಅವಳು ಹೋಗಿ ಬಂದಾಗಲೆಲ್ಲ ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ಅವನಿಗೆ ಸಾಕಾಯಿತು.

"ಹೆಣ ಎಲ್ಲಪ್ಪಾ?" ಎಂದು ಟೇವಿಯಸನನ್ನು ಕೇಳಿದ.

"ಚರ್ಚಲ್ಲಿದೆ ತಾತ. ಇವರು ಬ್ರೇಕು ಪಳಗಿಸ್ತಿದಾರೆ."

"ಯಾರ ಮಣ್ಣು?"

"ಗೇಟ್‌ವುಡ್ ಅವರದ್ದು."

ಮುದುಕ ತಲೆಯಾಡಿಸಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. "ಹಾಗಾದ್ರೆ ಸರಿ," ಎಂದ. "ನಮ್ಮವಳನ್ನ ಮಣ್ಣಿಗೆ ಕಳಿಸಿಕೊಟ್ಟೋರು ಅವರೇ."

ಪಳಗಿಸಿ ಮುಗಿದಾಗ ವರ್ನೀಸ್ ನಿಲ್ಲಲಿಲ್ಲ. ನಿಲ್ಲುವ ಹಾಗೂ ಇರಲಿಲ್ಲ, ಬ್ರೇಕು ತಣಿಯಬೇಕು. ಸುಮ್ಮನೆ ಚರ್ಚಿನ ದಾರಿ ಹಿಡಿದಳು. ಉಳಿದವರಿಗೆ ಅರ್ಥವಾಯಿತು. ಒಬ್ಬೊಬ್ಬರಾಗಿ ಅವಳನ್ನು ದಾಟಿ ಮುಂದಿನ ಕೂಡುರಸ್ತೆ ಹಿಡಿದರು, ಅವಳು ದಾಟಿದ ಮೇಲೆ ಮತ್ತೆ ಮುಂದೆ ಹೋದರು. ಯಾರ್ಡಿನಿಂದ ಚರ್ಚಿನ ಬಾಗಿಲವರೆಗೆ ಅವಳು ಬ್ರೇಕಿನ ಮೇಲೆ ಬೆರಳಿಡಲಿಲ್ಲ. ಆ ಊರಿನಲ್ಲಿ ಮೇಯರಿಗೂ ಅಂಥ ದಾರಿ ಸಿಕ್ಕಿರಲಿಕ್ಕಿಲ್ಲ.

ಅವರು ಬಂದು ಸಾಲಾಗಿ ನಿಂತಾಗ ಪಾಸ್ಟರು ಇನ್ನೂ ಮಾತಾಡುತ್ತಿದ್ದರು, ಕಾಯಿರಿನವರು ಒಂದು ಹಾಡು ಹೆಚ್ಚಿಗೆ ಹಾಡಿ ಕೂತಿದ್ದರು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು, ಪೆಟ್ಟಿಗೆ ಹೊರಗೆ ಬಂತು. ವರ್ನೀಸ್ ತನ್ನ ಹಳೆಯ ಜಾಗಕ್ಕೆ ಟೇವಿಯಸನನ್ನು ಕಳಿಸಿದಳು. ಅವನು ಮುಖ ಸಪ್ಪೆ ಮಾಡಿದ್ದು ಕಂಡು ತೋಳು ಹಿಡಿದು ನಿಲ್ಲಿಸಿದಳು.

"ಶಿಕ್ಷೆ ಅಲ್ಲ ಇದು. ಬಾಲಕ್ಕೆ ಗಮನ ಬೇಕು. ಅಷ್ಟೂ ಕಾರು ಸ್ಮಶಾನ ಮುಟ್ಟಬೇಕು. ಒಂದು ಕಮ್ಮಿಯಾದ್ರೂ ಊಟಕ್ಕೆ ಬರಬೇಡ."

"ಆಯ್ತು ದೊಡ್ಡಮ್ಮ," ಎಂದ ಅವನು, ಈ ಸಲ ಕೀಟಲೆಯಿಲ್ಲದೆ.

ಶವದ ಕಾರಿನ ಮುಂದೆ ಅವಳು ಹೊರಟಳು. ಕನ್ನಡಿಯಲ್ಲಿ ಆ ಕಾರಿನ ಕಪ್ಪು ಮೂತಿ, ಅದರ ಹಿಂದೆ ಉರಿಯುವ ದೀಪಗಳ ಸಾಲು ಚರ್ಚಿನ ತಿರುವಿನವರೆಗೂ ಕಾಣುತ್ತಿತ್ತು. ಇಷ್ಟು ಕಾಲ ಅವಳು ಕಂಡದ್ದು ಕೊನೆಯ ಕಾರಿನ ಕೆಂಪು ದೀಪ ಮಾತ್ರ. ಬೀದಿ ಬದಿಯ ಕ್ಷೌರದಂಗಡಿಯಿಂದ ಗಿರಾಕಿಗಳು ಬಿಳಿ ಬಟ್ಟೆ ಕೊರಳಿಗೆ ಕಟ್ಟಿಕೊಂಡೇ ಹೊರಗೆ ಬಂದು ನಿಂತಿದ್ದರು. ಬಾರ್ಬಿಕ್ಯೂ ಅಂಗಡಿಯ ಹೆಂಗಸು ಹೊಗೆಯ ನಡುವೆ ಎದೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಮುಂದೆ ಇರುವವರು ಯಾರೆಂದು ಕಂಡವರು ಒಬ್ಬರಿಗೊಬ್ಬರು ತೋರಿಸಿಕೊಂಡರು.

ಲಮಾರ್ ಅವೆನ್ಯೂ ಸೇರುವಲ್ಲಿ ಇಳಿಜಾರಿದೆ. ಎಡಗಡೆಯಿಂದ ಜಲ್ಲಿ ತುಂಬಿದ ಲಾರಿಯೊಂದು ಹಸಿರು ದೀಪದ ಧೈರ್ಯದಲ್ಲಿ ಬರುತ್ತಿತ್ತು. ವರ್ನೀಸ್ ಇಳಿಜಾರಿನಲ್ಲಿ ವೇಗವಾಗಿ ಮುಂದೆ ಬಂದು, ರಸ್ತೆಯ ನಟ್ಟನಡುವೆ, ಎರಡು ಬೆರಳಿನಲ್ಲಿ ಲಿವರು ಹಿಡಿದಳು. ಬೈಕು ಮುಂದಕ್ಕೆ ತಲೆ ತಗ್ಗಿಸಿ, ಒಂದಿಷ್ಟೂ ನಡುಗದೆ, ಅವಳು ನಿಲ್ಲಬೇಕೆಂದ ಜಾಗದಲ್ಲೇ ನಿಂತಿತು. ಎಡಗೈ ಮೇಲೆದ್ದಿತು. ಲಾರಿಯವನು ದೂರದಿಂದಲೇ ಕಂಡು ನಿಧಾನಿಸಿದ, ಉಸ್ಸೆಂದು ಗಾಳಿ ಬಿಟ್ಟು ನಿಂತ, ಎಂಜಿನ್ನು ಆರಿಸಿದ. ಶವದ ಕಾರು ಅವಳ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಗಾಜಿನೊಳಗೆ ಹೂಗಳ ನಡುವೆ ಪೆಟ್ಟಿಗೆ ಕಂಡಿತು. ಅವಳು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿ ಕೂತಳು. ಆಮೇಲೆ ರಾಸ್ಕೋ ಬಂದು ಅವಳ ಜಾಗ ಹಿಡಿದ, ಅವಳು ಮತ್ತೆ ಮುಂದೆ ಹೋದಳು.

ಸ್ಮಶಾನದಲ್ಲಿ ಕೊನೆಯ ಕಾರು ಒಳಗೆ ಬಂದು, ಅದರ ಹಿಂದೆ ಟೇವಿಯಸ್ ಬಂದು ಹೆಬ್ಬೆರಳು ಎತ್ತಿದ ಮೇಲೆ ಪಾಸ್ಟರು ಪುಸ್ತಕ ತೆರೆದರು. ಬೈಕಿನವರು ಒಂದು ಬದಿಗೆ ನಿಂತರು. ಮಣ್ಣು ಬಿದ್ದಾಗ ರಾಸ್ಕೋ ಅತ್ತ. ವರ್ನೀಸ್ ಅಳಲಿಲ್ಲ, ಬೈಕಿನ ಹತ್ತಿರ ಹೋಗಿ ಬಗ್ಗಿ ಡಿಸ್ಕು ನೋಡಿದಳು. ಸುತ್ತಲೂ ಒಂದೇ ಸಮನಾದ ಬೂದು ಛಾಯೆ, ಎಲ್ಲೂ ಕಲೆಯಿಲ್ಲ. ಅದನ್ನು ನೋಡಿದ ಮೇಲೆ ಅತ್ತಳು.

ಊಟ ಚರ್ಚಿನ ನೆಲಮಾಳಿಗೆಯಲ್ಲಿ. ಹುರಿದ ಕ್ಯಾಟ್‌ಫಿಶ್ಶು, ಸ್ಪೆಗೆಟಿ, ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ರೊಟ್ಟಿ. ವರ್ನೀಸ್ ತಟ್ಟೆ ತುಂಬಿಸಿಕೊಂಡು ಮೂಲೆಯಲ್ಲಿ ಕೂತಿದ್ದಳು. ಗೇಟ್‌ವುಡ್ಡರ ಹೆಂಡತಿ ಒಡೆಸ್ಸಾ ಕೋಲೂರಿಕೊಂಡು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತರು.

"ಬಾಲದ ಚಿಂತೆ ನನಗಿಲ್ಲ ಅಂತಿದ್ರು ಕಣೇ ಅವರು," ಎಂದರು ಒಡೆಸ್ಸಾ. "ಮನೆಗೆ ಬಂದು ಮುಂದಿನವರನ್ನ, ಮಧ್ಯದವರನ್ನ ಎಲ್ಲರನ್ನೂ ಬೈತಿದ್ರು. ಬಾಲ ಮಾತ್ರ ವರ್ನೀಸ್ ಹತ್ರ ಇದೆ, ಅದರ ಚಿಂತೆ ಇಲ್ಲ ಅಂತಿದ್ರು. ಅದಕ್ಕೇ ನಿನ್ನ ಬಿಟ್ಟುಕೊಡಲಿಲ್ಲ."

ವರ್ನೀಸ್ ಮೀನಿನ ಮುಳ್ಳು ಬಿಡಿಸುತ್ತ ಯೋಚಿಸಿದಳು. ಅದು ನಿಜವಿರಬಹುದು. ತಾನು ಹೆಂಗಸಾಗಿದ್ದದ್ದೂ ಒಂದು ಕಾರಣವಿರಬಹುದು. ಎರಡೂ ಇದ್ದಿರಬಹುದು. ಇನ್ನು ಕೇಳಲು ಅವರಿಲ್ಲ.

"ಅದನ್ನ ಒಂದು ಸಲ ನನಗೆ ಹೇಳಬಹುದಿತ್ತು ಅವರು," ಎಂದಳು.

ಒಡೆಸ್ಸಾ ನಕ್ಕರು. ಗಂಡನನ್ನು ಮಣ್ಣು ಮಾಡಿ ಬಂದ ದಿನ ಹಾಗೆ ನಗಬಹುದೆಂದು ಅವರಿಗೇ ಗೊತ್ತಿರಲಿಲ್ಲವೇನೋ, ಕೈಯಿಂದ ಬಾಯಿ ಮುಚ್ಚಿಕೊಂಡರು.

"ನನ್ನ ಅಡುಗೆ ಚೆನ್ನಾಗಿದೆ ಅಂತ ಸಾಯೋವರೆಗೂ ಹೇಳಲಿಲ್ಲ ಆ ಮನುಷ್ಯ. ತಟ್ಟೆ ಮಾತ್ರ ನೆಕ್ಕಿಡ್ತಿದ್ದ."

ಇಬ್ಬರೂ ನಕ್ಕರು. ಅಷ್ಟರಲ್ಲಿ ಶಾರ್ಲೀನ್ ತಾಯಿಯನ್ನು ಹುಡುಕಿಕೊಂಡು ಬಂದಳು. ಕಣ್ಣು ಬಾತಿತ್ತು, ಆದರೂ ಕೈಯಲ್ಲಿ ಫೋನು ಹಿಡಿದೇ ಇದ್ದಳು. ಮೌಂಟ್ ನೀಬೋ ಚರ್ಚಿನವರು ಕರೆ ಮಾಡಿದ್ದಾರೆ, ಮಂಗಳವಾರ ಅಲ್ಲಿ ಒಂದು ಮಣ್ಣಿದೆ, ಸಣ್ಣ ಸಂಸಾರ, ಕೆಲವೇ ಕಾರು ಎಂದಳು. ಟೇವಿಯಸ್ ಬಾಲ ನೋಡಿಕೊಳ್ಳಲು ಒಪ್ಪಿದ್ದಾನೆ, ರಾಸ್ಕೋ ಮಧ್ಯದಲ್ಲಿರುತ್ತಾನೆ. ಆಮೇಲೆ ಕೊಂಚ ಸಂಕೋಚದಿಂದ, ಮುಂದೆ ಯಾರನ್ನು ಹಾಕಲಿ ಎಂದು ಕೇಳಿದಳು.

ವರ್ನೀಸಳ ಬಾಯಿ ತುಂಬ ರೊಟ್ಟಿಯಿತ್ತು. ಅದನ್ನು ನಿಧಾನವಾಗಿ ಅಗಿದು, ನುಂಗಿ, ತುಟಿ ಒರೆಸಿಕೊಂಡಳು.

"ಕೇಳ್ಬೇಕಾ?" ಎಂದಳು.